ಮಿಜಾಜ ಅದರೀ, ಸ್ವಲ್ಪ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಮಾತು ಯಾವಾಗಲೂ ಒಂದೇ. ನಾನು ಚಹಾ ತಂದಿಟ್ಟು, "ಮಿಜಾಜ ಹ್ಯಾಂಗದರೀ?" ಅಂತ ಕೇಳಬೇಕು. ನಮ್ಮವರು ಕಪ್ಪಿನಿಂದ ಬಸಿಗೆ ಚಹಾ ಸುರುವಿಕೊಳ್ಳುತ್ತ, ನನ್ನ ಕಡೆ ನೋಡದೆ, "ಅದರೀ ಸಾಹೇಬ್ರ, ಸ್ವಲ್ಪ" ಅನ್ನಬೇಕು. ಆಮೇಲೆ ನಾನು ಒಲೆಯ ಮೇಲೆ ಹಂಚು ಇಡಬೇಕು. ಮಕ್ಕಳು ಹುಟ್ಟಿದ ಮೇಲೂ ಇದು ನಿಲ್ಲಲಿಲ್ಲ, ಸೊಸೆ ಬಂದ ಮೇಲೂ ನಿಲ್ಲಲಿಲ್ಲ. ಅವಳು ಹೊಸದಾಗಿ ಬಂದಾಗ ಇದನ್ನು ಕೇಳಿ, ಅತ್ತೆ ಮಾವ ಎದ್ದ ಕೂಡಲೆ ಜಗಳ ತೆಗೆಯುತ್ತಾರೆ ಅಂತ ತವರಿಗೆ ಹೇಳಿಕಳಿಸಿದ್ದಳಂತೆ.

ನಮ್ಮವರು ತೀರಿಹೋಗಿ ಒಂದು ಮಳೆಗಾಲ ಕಳೆಯಿತು. ಈಗಲೂ ಚಹಾ ಇಡುವಾಗ ಆ ಮಾತು ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಮಾತಾಡಿಸಲು ಬಂದವರೆಲ್ಲ ಅವರ ಬಗ್ಗೆ ಒಳ್ಳೆಯದನ್ನೇ ಹೇಳುತ್ತಾರೆ, ಆದರೆ ಹೇಳುವಾಗ ದನಿ ತಗ್ಗಿಸುತ್ತಾರೆ. ದನಿ ತಗ್ಗಿಸಿ ಹೇಳುವಂಥ ಮನುಷ್ಯ ಅವರಲ್ಲ. ಅದಕ್ಕೇ, ನಮ್ಮ ಮನೆಗೆ ಆ ಮಾತು ಎಲ್ಲಿಂದ ಬಂತು ಅನ್ನುವುದನ್ನಾದರೂ ಬರೆದಿಡೋಣ ಅಂತ ಕೂತಿದ್ದೇನೆ. ನಾನು ಕಲಿತದ್ದು ಮಠದ ಅಯ್ಯನವರ ಶಾಲೆಯಲ್ಲಿ, ಅದೂ ಕಾಗದ ಓದಿ ಬರೆಯಲು ಸಾಕಾಗುವಷ್ಟು. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು.

ಅದು ನಿಜಾಮರ ಕಾಲ. ನಮ್ಮ ತಂದೆಯವರದು ಆಳಂದದಲ್ಲಿ ತೊಗರಿ ವ್ಯಾಪಾರ. ಸುಗ್ಗಿಯಲ್ಲಿ ಹಳ್ಳಿಹಳ್ಳಿಯ ಬಂಡಿಗಳು ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಅಂಗಳದ ತುಂಬ ತೊಗರಿಯ ರಾಶಿ, ಒಳಗೆ ಹೋಗಬೇಕಾದರೆ ಸೀರೆ ಎತ್ತಿ ಹಿಡಿದು ದಾಟಿಕೊಂಡು ಹೋಗಬೇಕು. ವ್ಯಾಪಾರ ತಂದೆಯವರದು, ಮನೆ ಮಾತ್ರ ಆಯಿಯದು. ಆಯಿ ಅಂದರೆ ನಮ್ಮ ತಂದೆಯ ತಾಯಿ. ಸಣ್ಣ ದೇಹ, ದೊಡ್ಡ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಯಾರು ಮನೆಗೆ ಬಂದರೂ ಅವರು ಹೋದ ಮೇಲೆ ಆಯಿ ಒಂದೇ ಮಾತಿನಲ್ಲಿ ಅವರ ಲೆಕ್ಕ ಮುಗಿಸುತ್ತಿದ್ದಳು. ಒಂದೋ "ಚಲೋ ಮಂದಿ" ಅನ್ನಬೇಕು, ಇಲ್ಲವೇ "ಮಿಜಾಜ ಭಾಳ ಅದ" ಅನ್ನಬೇಕು. ಮೂರನೆಯ ಮಾತು ಅವಳ ಬಾಯಲ್ಲಿ ನಾನು ಕೇಳಲಿಲ್ಲ.

ನಮ್ಮ ಕಡೆ ಮಿಜಾಜ ಅಂದರೆ ಸೊಕ್ಕು. ರುಮಾಲು ಸುತ್ತುವುದರಲ್ಲಿ, ಚಪ್ಪಲಿ ಸಪ್ಪಳ ಮಾಡುವುದರಲ್ಲಿ, ಕರೆದರೆ ಓ ಅನ್ನದೆ ತಿರುಗಿ ನೋಡುವುದರಲ್ಲಿ ಎಲ್ಲ ಕಡೆ ಆಯಿಗೆ ಮಿಜಾಜ ಕಾಣುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಕಂಡದ್ದು ಠಾಣೆಯ ಜವಾನರಲ್ಲಿ. ಬಜಾರದಲ್ಲಿ ಒಬ್ಬ ಹಳೆಯ ಜವಾನ ಇದ್ದ. ದಿನಾ ಸಂಜೆ ಬಂದು ನಮ್ಮ ರಾಶಿಯಿಂದ ಒಂದು ಹಿಡಿ ತೊಗರಿ ತೆಗೆದುಕೊಂಡು, ನಾಲ್ಕು ಕಾಳು ಬಾಯಿಗೆ ಹಾಕಿ, ಉಳಿದದ್ದನ್ನು ರಾಶಿಯ ಮೇಲಲ್ಲ, ಮಣ್ಣಿನಲ್ಲಿ ಚೆಲ್ಲಿ ಮೀಸೆ ತೀಡಿಕೊಂಡು ಹೋಗುತ್ತಿದ್ದ. ಅವನು ಓಣಿಯ ಮೂಲೆ ತಿರುಗಿದ ಮೇಲೆ ಆಯಿ ಕೂತು ಆ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು. ಅವನು ತಿಂದದ್ದಕ್ಕೆ ಅವಳಿಗೆ ಸಿಟ್ಟಿರಲಿಲ್ಲ, ಚೆಲ್ಲಿದ್ದಕ್ಕೆ ಇತ್ತು.

ಇಂಥ ಮನೆಯಲ್ಲಿ ನನ್ನ ಮದುವೆಯ ಮಾತು ಎದ್ದಿತು. ನನ್ನ ತಾಯಿಯ ಅಣ್ಣ ಜೇವರ್ಗಿ ಕಡೆಯ ಒಂದು ಹಳ್ಳಿಯಲ್ಲಿದ್ದರು. ಅವರ ಕೊನೆಯ ಮಗನಿಗೆ ನನ್ನನ್ನು ಕೊಡಬೇಕು ಅಂತ ತಾಯಿಗೆ ಮೊದಲಿನಿಂದ ಆಸೆ. ನನಗೂ ಆಸೆ ಇತ್ತು ಅಂತ ಈಗ ಬರೆದರೆ ಯಾರೂ ಏನೂ ಅನ್ನಲಾರರು. ಚಿಕ್ಕಂದಿನಲ್ಲಿ ಮಾವನ ಮನೆಗೆ ಹೋದಾಗ ಆ ಹುಡುಗ ಮುಖದಲ್ಲಿ ನಗುವೇ ಇಲ್ಲದೆ ಏನೋ ಒಂದು ಹೇಳುತ್ತಿದ್ದ, ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು, ಅವನು ಯಾಕೆ ನಗುತ್ತೀರಿ ಅನ್ನುವ ಹಾಗೆ ನೋಡುತ್ತಿದ್ದ. ನಾನು ಮಾತು ಕಡಿಮೆಯವಳು. ನನ್ನಂಥವಳಿಗೆ ಮಾತಾಡುವವರು ಹತ್ತಿರ ಇದ್ದರೆ ಒಳ್ಳೆಯದು ಅಂತ ಆಗಲೇ ಅನಿಸಿತ್ತು.

ತೊಡಕು ಎಲ್ಲಿ ಅಂದರೆ, ಮಾವನಿಗೆ ಇದ್ದ ಹೊಲ ದೊಡ್ಡ ಮಕ್ಕಳಿಗೇ ಸಾಲುತ್ತಿರಲಿಲ್ಲ. ಹುಡುಗನಿಗೆ ಒಂದು ನೌಕರಿ ಅಂತ ಆಗಲಿ, ಆಮೇಲೆ ಮದುವೆ ಅಂತ ನಮ್ಮ ತಂದೆ ಹೇಳಿದರು. ಆ ವರ್ಷ ಜಿಲ್ಲೆಯ ಪೊಲೀಸಿಗೆ ಹೊಸ ಜವಾನರನ್ನು ತೆಗೆದುಕೊಳ್ಳುತ್ತಾರೆ, ಅಫಜಲಪುರದ ಕಚೇರಿಯಲ್ಲಿ ಆರಿಸುತ್ತಾರೆ ಅಂತ ಸುದ್ದಿ ಬಂತು. ಮಾವ ಮಗನನ್ನು ಕಳಿಸಲು ನಿಂತರು. ಈ ಸುದ್ದಿ ಹೇಳಲು ಆಳಂದಕ್ಕೂ ಬಂದರು. ಆಯಿ ಪೂರ್ತಿ ಕೇಳಿಸಿಕೊಂಡು, ಜವಾನ ಆಗಲಿ, ಬ್ಯಾಡ ಅನ್ನುವುದಿಲ್ಲ, ಆದರೆ ಅವನಲ್ಲಿ ಮಿಜಾಜ ಕಂಡಿತೋ ಹುಡುಗಿ ಕೊಡುವುದಿಲ್ಲ ಅಂದಳು. ಚೌಡಾಪುರದ ಕಡೆಯಿಂದ ಒಂದು ಅಂಗಡಿಯವರ ಮನೆತನ ಕೇಳಿತ್ತು, ಆ ಹುಡುಗ ಬಾಯಿಬಿಟ್ಟು ಮಾತೇ ಆಡುವುದಿಲ್ಲ, ಅಷ್ಟು ಚಲೋ ಅಂತಲೂ ಸೇರಿಸಿದಳು.

ಅಂದರೆ ಈಗ ಹೀಗಾಯಿತು. ತಂದೆಗೆ ಜವಾನ ಆದ ಅಳಿಯ ಬೇಕು. ಆಯಿಗೆ ಜವಾನನಂತೆ ಇಲ್ಲದ ಅಳಿಯ ಬೇಕು. ನನಗೆ ಮಾವನ ಮಗ ಬೇಕು. ಮಾತು ಆಡುವ ಹಕ್ಕು ಇವರಲ್ಲಿ ನನಗೊಬ್ಬಳಿಗೇ ಇರಲಿಲ್ಲ.

ಅಫಜಲಪುರದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಆದರೆ ನಮ್ಮವರ ಬಾಯಿಂದ ಎಷ್ಟು ಸಲ ಕೇಳಿದ್ದೇನೆ ಅಂದರೆ, ಆ ಕಚೇರಿಯ ಬೇವಿನ ಮರದ ಕೆಳಗೆ ನಾನೇ ಕೂತಿದ್ದೆನೇನೋ ಅನಿಸುತ್ತದೆ.

ಮೊದಲೆಲ್ಲ ಜವಾನರನ್ನು ಆರಿಸುವುದು ಸುಲಭವಿತ್ತಂತೆ. ಎತ್ತರ ನೋಡುವುದು, ಎದೆಗೆ ಹಗ್ಗ ಹಿಡಿಯುವುದು, ಓಡಿಸುವುದು, ಒಂದು ಸಲ ಜೋರಾಗಿ ಕೂಗು ಅನ್ನುವುದು. ಮೀಸೆ ಚೆನ್ನಾಗಿದ್ದರೆ ಅರ್ಧ ಕೆಲಸ ಆದ ಹಾಗೆ. ಆ ವರ್ಷ ಜಿಲ್ಲೆಗೆ ಹೊಸ ಮೊಹತಮಿಮ್ ಸಾಹೇಬರು ಬಂದಿದ್ದರು, ಅಂದರೆ ಜಿಲ್ಲೆಯ ಪೊಲೀಸಿಗೆಲ್ಲ ದೊಡ್ಡವರು. ಹೈದರಾಬಾದಿನ ಕಡೆಯವರು, ಕನ್ನಡಕ ಹಾಕಿದವರು, ಪುಸ್ತಕ ಓದುವವರು. ಎದೆ ಅಳೆದರೆ ಎದೆಯೊಳಗೆ ಏನಿದೆ ತಿಳಿಯುವುದಿಲ್ಲ, ಮನುಷ್ಯನ ಸ್ವಭಾವ ನೋಡಿ ಕೈಯಲ್ಲಿ ಲಾಠಿ ಕೊಡಬೇಕು ಅನ್ನುವುದು ಅವರ ವಿಚಾರ. ಬೇರೆ ದೇಶಗಳಲ್ಲಿ ಹೀಗೆ ಪ್ರಶ್ನೆ ಕೇಳಿ ಸ್ವಭಾವ ಅಳೆಯುತ್ತಾರೆ ಅಂತ ಎಲ್ಲೋ ಓದಿದ್ದರಂತೆ. ಅವರೂ ಉರ್ದುವಿನಲ್ಲಿ ಒಂದಿಷ್ಟು ಪ್ರಶ್ನೆ ಹೊಂದಿಸಿಕೊಂಡರು. ಉರ್ದುವಿನಲ್ಲಿ ಸ್ವಭಾವಕ್ಕೆ ಮಿಜಾಜ್ ಅನ್ನುತ್ತಾರೆ. ಆದ್ದರಿಂದ ಕಚೇರಿಯಲ್ಲಿ ಡಂಗುರ ಆಯಿತು: ಈ ಸಲ ಎದೆಯ ಜೊತೆಗೆ ಮಿಜಾಜಿನ ಪರೀಕ್ಷೆಯೂ ಇದೆ.

ನಮ್ಮ ಜನಕ್ಕೆ ಇದು ಹೇಗೆ ಕೇಳಿಸಿರಬೇಕು, ನೀವೇ ನೋಡಿ.

ಬಂದವರಲ್ಲಿ ಎರಡು ಪಂಗಡ ಆದವು. ಸರ್ಕಾರಕ್ಕೆ ಸೊಕ್ಕಿನ ಮಂದಿ ಬೇಡವಾಗಿದ್ದಾರೆ, ಅದಕ್ಕೇ ಮಿಜಾಜ ಎಷ್ಟಿದೆ ಅಂತ ನೋಡುತ್ತಾರೆ, ತಗ್ಗಿ ಬಗ್ಗಿ ಇರಬೇಕು ಅನ್ನುವವರು ಒಂದು ಕಡೆ. ಅಲ್ಲ, ಜವಾನನಿಗೆ ಬೇಕಾದಷ್ಟು ಮಿಜಾಜ ಇದೆಯೋ ಇಲ್ಲವೋ ಅಂತ ನೋಡುತ್ತಾರೆ, ಗತ್ತಿನಿಂದ ಇರಬೇಕು ಅನ್ನುವವರು ಇನ್ನೊಂದು ಕಡೆ. ಕಚೇರಿಯ ಎದುರಿಗೇ ಒಬ್ಬ ಹಜಾಮ ಚಾಪೆ ಹಾಕಿಕೊಂಡಿದ್ದ. ಮೊದಲ ಪಂಗಡದವರು ಬಂದು, ತಿಂಗಳುಗಟ್ಟಲೆ ಎಣ್ಣೆ ಹಚ್ಚಿ ಬೆಳೆಸಿದ ಮೀಸೆಯನ್ನು ಕಣ್ಣು ಮುಚ್ಚಿಕೊಂಡು ಕೆಳಗೆ ಇಳಿಸಿಕೊಂಡರು. ಎರಡನೆಯ ಪಂಗಡದವರು ಬಂದು ಮೇಣ ಹಚ್ಚಿಸಿ ಮೇಲೆ ಎತ್ತಿಸಿಕೊಂಡರು. ನಮ್ಮವರು ಹೋಗಿ ಕೂತಾಗ ಹಜಾಮ ದಣಿದು ಹೋಗಿದ್ದ.

"ಮ್ಯಾಲ ಮಾಡ್ಲೋ, ಕೆಳಗ ಮಾಡ್ಲೋ, ಲಗೂನ ಹೇಳ್ರಿ" ಅಂದನಂತೆ.

ಇವರಿಗೆ ಆಗ ಮೀಸೆ ಇನ್ನೂ ಗಟ್ಟಿಯಾಗಿ ಬಂದಿರಲಿಲ್ಲ. "ಮೊದಲ ಅದು ಎಲ್ಲಿ ಅದ ಹುಡುಕಪಾ, ಆಮ್ಯಾಲ ವಿಚಾರ ಮಾಡೂಣು" ಅಂದರಂತೆ. ಹಜಾಮ ಗದ್ದ ಮಾತ್ರ ಕೆರೆದು ಎಬ್ಬಿಸಿದ.

ಎಳ್ಳಮಾವಾಸ್ಯೆ ಕಳೆದ ಹೊಸದು, ಬೆಳಗಿನ ಚಳಿ. ಮಾವ ಜೊತೆಗಿದ್ದರು. ಎಲ್ಲರನ್ನೂ ಹೊತ್ತು ಹುಟ್ಟುವ ಮೊದಲೇ ಕರೆಸಿ ಸಾಲಾಗಿ ಕೂಡಿಸಿದ್ದರು. ಎದೆ ಅಳೆದದ್ದಾಯಿತು, ಓಡಿಸಿದ್ದಾಯಿತು. ಆಮೇಲೆ ಬೇವಿನ ಮರದ ಕೆಳಗೆ ಮೇಜು ಹಾಕಿ ಸಾಹೇಬರು ಕೂತರು, ಪಕ್ಕದಲ್ಲಿ ಮುನ್ಶಿ. ಸಾಹೇಬರು ಉರ್ದುವಿನಲ್ಲಿ ಕೇಳುವುದು, ಮುನ್ಶಿ ಕನ್ನಡಕ್ಕೆ ತಿರುಗಿಸುವುದು. ಮೊದಲ ಪ್ರಶ್ನೆಯೇ, ನಿನ್ನ ಮಿಜಾಜ್ ಎಂಥದು. ಮುನ್ಶಿಗೆ ಆ ಮಾತನ್ನು ತಿರುಗಿಸುವ ಅಗತ್ಯವೇ ಕಾಣಲಿಲ್ಲ. ಕನ್ನಡದಲ್ಲೂ ಮಿಜಾಜ ಅಂತಲೇ ಇದೆಯಲ್ಲ. "ನಿನ್ನ ಮಿಜಾಜ ಹ್ಯಾಂಗದ, ಸಾಹೇಬ್ರಿಗೆ ಹೇಳು" ಅಂದ.

ಮೊದಲನೆಯವನು ಕೈಮುಗಿದು, ನನ್ನಲ್ಲಿ ಮಿಜಾಜ ಇಲ್ಲವೇ ಇಲ್ಲ ಅಂದ. ಮುನ್ಶಿ ಅದನ್ನು ಹಾಗೇ ಉರ್ದುವಿಗೆ ಹೇಳಿದ. ಸಾಹೇಬರಿಗೆ ಆಶ್ಚರ್ಯ. ಸ್ವಭಾವವೇ ಇಲ್ಲದ ಮನುಷ್ಯ ಇರುತ್ತಾನೆಯೇ? ಏನೋ ಬರೆದುಕೊಂಡರು. ಎರಡನೆಯವನೂ ಇಲ್ಲ ಅಂದ. ಮೂರನೆಯವನು, ನಮ್ಮ ಮನೆತನದಲ್ಲೇ ಯಾರಿಗೂ ಇಲ್ಲ, ನಮ್ಮ ಅಜ್ಜನಿಗೆ ಸ್ವಲ್ಪ ಇತ್ತು ಅಂತಾರೆ, ಆದರೆ ಅವನೂ ಸಾಯುವ ಮೊದಲು ಬಿಟ್ಟಿದ್ದ ಅಂದ. ಮೀಸೆ ಮೇಲೆ ಎತ್ತಿದವರು ಇದನ್ನೆಲ್ಲ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಎಲ್ಲರೂ ಇಲ್ಲ ಅನ್ನುವುದನ್ನು ಕಂಡು ಅವರಿಗೂ ಅಂಜಿಕೆ ಹತ್ತಿತು. ತಮ್ಮ ಸರದಿ ಬರುವಷ್ಟರಲ್ಲಿ ಉಗುಳು ಹಚ್ಚಿ ಮೀಸೆ ಇಳಿಸಿಕೊಂಡು ಅವರೂ ಇಲ್ಲ ಅಂದರು. ಬಜಾರದಲ್ಲಿ ಯಾರಾದರೂ ನಿನ್ನನ್ನು ಬೈದರೆ ಏನು ಮಾಡುತ್ತೀ ಅಂತ ಕೇಳಿದರೆ, ಒಬ್ಬ ಗೂಳಿಯಂಥವನು, ಮನೆಗೆ ಹೋಗಿ ಅವ್ವಗ ಹೇಳ್ತೇನಿ ಅಂದ.

ಸಾಹೇಬರು ಲೇಖಣಿ ಕೆಳಗಿಟ್ಟು ಕನ್ನಡಕ ಒರೆಸಿಕೊಂಡರು. ಈ ತಾಲೂಕಿನ ನೀರಿನಲ್ಲಿ ಏನಿದೆ ಅಂತ ಮುನ್ಶಿಯನ್ನು ಕೇಳಿದರಂತೆ. ಮುನ್ಶಿ, ಭೀಮಾ ನದಿಯ ನೀರು ಹುಜೂರ್, ಸಿಹಿಯಾಗಿದೆ ಅಂದ.

ನಮ್ಮವರು ಸಾಲಿನ ಕೊನೆಯಲ್ಲಿದ್ದರು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇಲ್ಲ. ಮಾವ ಕಟ್ಟಿಸಿಕೊಂಡು ಬಂದಿದ್ದ ರೊಟ್ಟಿಯ ಗಂಟು ಕಂಪೌಂಡಿನ ಆಚೆ ಮಾವನ ತೊಡೆಯ ಮೇಲಿತ್ತು. ಗಂಟಿನೊಳಗೆ ಸಜ್ಜೆ ರೊಟ್ಟಿ, ಖಾರದ ಪುಡಿ ಶೇಂಗಾ ಹಿಂಡಿ, ಎಳ್ಳಿನ ಹೋಳಿಗೆ ಇರುವುದು ಇವರಿಗೆ ಗೊತ್ತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತಂತೆ. ಈ ಮಾತನ್ನು ಹೇಳುವಾಗ ಪ್ರತಿ ಸಲವೂ ಅವರು ಮೂಗು ಎತ್ತಿ ತೋರಿಸುತ್ತಿದ್ದರು. ಅಂತೂ ಸರದಿ ಬಂತು. ಮುನ್ಶಿ ಬೇಸರದಿಂದ, ಇವನೂ ಇಲ್ಲ ಅನ್ನುತ್ತಾನೆ ಅಂತ ತಿಳಿದು, ತಲೆ ಎತ್ತದೆ ಕೇಳಿದ.

"ನಿನಗ ಮಿಜಾಜ?"

"ಅದರೀ ಸಾಹೇಬ್ರ, ಸ್ವಲ್ಪ" ಅಂದರು ಇವರು.

ಮುನ್ಶಿ ತಲೆ ಎತ್ತಿದ. ಸಾಲಿನಲ್ಲಿ ಕೂತವರೆಲ್ಲ ಇವನು ಕೆಟ್ಟ ಅನ್ನುವ ಹಾಗೆ ನೋಡಿದರು. ಸಾಹೇಬರು ಮಾತ್ರ ಮುಂದಕ್ಕೆ ಬಾಗಿ, ಯಾವಾಗ ಅಂತ ಕೇಳಿದರು.

"ಹೊಟ್ಟಿ ಹಸದಾಗರಿ."

ಆಗ ಏನು ಮಾಡುತ್ತೀ?

"ಮಾತು ಬಿಡ್ತೇನ್ರಿ."

ಆಮೇಲೆ?

"ಊಟ ಹುಡುಕ್ತೇನ್ರಿ. ಉಂಡ ಮ್ಯಾಲ ಮತ್ತ ಮಾತಾಡ್ತೇನ್ರಿ."

ಬಜಾರದಲ್ಲಿ ಯಾರಾದರೂ ಬೈದರೆ? ಇವರು ಸ್ವಲ್ಪ ವಿಚಾರ ಮಾಡಿ, ಅವನು ಉಂಡಿದ್ದಾನೋ ಇಲ್ಲವೋ ಮೊದಲು ಕೇಳುತ್ತೇನೆ ಅಂದರು. ಮುನ್ಶಿ ಇದನ್ನು ಉರ್ದುವಿಗೆ ತಿರುಗಿಸುತ್ತಲೇ ಸಾಹೇಬರು ಜೋರಾಗಿ ನಕ್ಕುಬಿಟ್ಟರು. ನಕ್ಕು, ಮುಂಜಾನೆಯಿಂದ ಒಬ್ಬ ಮನುಷ್ಯ ಸಿಕ್ಕ ಅಂದರು. ಆಗ ಮುನ್ಶಿಗೂ ಎಲ್ಲಿ ಎಡವಿದ್ದು ಅಂತ ಹೊಳೆಯಿತು. ಹುಜೂರ್, ಈ ಮಂದಿಯ ಭಾಷೆಯಲ್ಲಿ ಮಿಜಾಜ ಅಂದರೆ ಬೇರೆ ಅಂತ ಬಿಡಿಸಿ ಹೇಳಿದ. ಸಾಹೇಬರು ಎಲ್ಲರನ್ನೂ ಮತ್ತೆ ಮೊದಲಿನಿಂದ ಕರೆದು ಕೇಳಿದರಂತೆ. ಆದರೆ ನಮ್ಮವರನ್ನು ಎರಡನೆಯ ಸಲ ಕೇಳಲಿಲ್ಲ. ಹೋಗಿ ಉಣ್ಣು ಅಂತ ಕಳಿಸಿದರು. ನೌಕರಿ ಆಯಿತು.

ಇಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಗೊಡಲಿಲ್ಲ ನಮ್ಮ ಮಾವ.

ಮಾವ ಸಂತೋಷ ತಡೆಯಲಾರದೆ ಸೀದಾ ಆಳಂದಕ್ಕೆ ಬಂದರು. ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ನಾನು ಬಡಿಸುತ್ತಿದ್ದೆ. ಮಾವ ಅಫಜಲಪುರದ ಸುದ್ದಿಯನ್ನು ಮೀಸೆಯಿಂದ ಶುರುಮಾಡಿ ರಂಗಾಗಿ ಹೇಳಿದರು. ತಂದೆ ನಗುತ್ತಿದ್ದರು, ತಾಯಿ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು. ಎಲ್ಲರೂ ಇಲ್ಲ ಇಲ್ಲ ಅಂದರು, ನನ್ನ ಮಗ ಒಬ್ಬನೇ ಮಿಜಾಜ ಇದೆ ಅಂದ, ಅದಕ್ಕೇ ಸಾಹೇಬರು ಮೆಚ್ಚಿ ತೆಗೆದುಕೊಂಡರು ಅಂದರು ಮಾವ.

ಆಯಿ ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಾಟಿನಲ್ಲಿ ಇಟ್ಟಳು.

"ಏನಂದ ಅವ? ಅದ ಅಂದನ?"

ಮಾವನಿಗೆ ಆಗ ತಾವು ಎಲ್ಲಿ ಕೂತಿದ್ದೇವೆ ಅನ್ನುವುದು ನೆನಪಾಯಿತು. ಅದು ಹಾಗಲ್ಲ, ಉರ್ದುವಿನಲ್ಲಿ ಮಿಜಾಜ ಅಂದರೆ ಸ್ವಭಾವ, ಗುಣ, ಸೊಕ್ಕಲ್ಲ ಅಂತ ಬಿಡಿಸಿ ಹೇಳಲು ನೋಡಿದರು. ಆಯಿ ಕೇಳಲಿಲ್ಲ. ಸಾಹೇಬ ಯಾವ ಅರ್ಥದಲ್ಲಿ ಕೇಳಿದ ಅನ್ನುವುದು ತನಗೆ ಬೇಡ, ಹುಡುಗ ಯಾವ ಅರ್ಥದಲ್ಲಿ ತಿಳಿದುಕೊಂಡ ಅನ್ನುವುದು ಮುಖ್ಯ ಅಂದಳು. ಮುನ್ಶಿ ಬಿಡಿಸಿ ಹೇಳಿದ್ದು ಆಮೇಲೆ. ಹುಡುಗ ಅದಕ್ಕಿಂತ ಮೊದಲೇ ಅದ ಅಂದಿದ್ದಾನೆ. ಅಂದರೆ ಸೊಕ್ಕಿದೆ ಅಂತಲೇ ಅಂದಿದ್ದಾನೆ. ಮಾವ ನೀರಿನ ತಂಬಿಗೆಗೆ ಕೈ ಹಾಕಿದರು. ಹಾಗೆ ನೋಡಿದರೆ ಆಯಿಯ ಲೆಕ್ಕ ಈಗಲೂ ತಪ್ಪಲ್ಲ.

"ಸರ್ಕಾರದ ಮುಂದ ತಾನ ಒಪ್ಪಿಕೊಂಡಾನ" ಅಂದಳು ಆಯಿ. "ಇನ್ನ ನಾ ಏನ ನೋಡೂದದ?"

ಮರುದಿನ ಚೌಡಾಪುರದವರಿಗೆ ಬರಹೇಳಿ ಅಂತ ತಂದೆಗೆ ಹೇಳಿದಳು. ತಂದೆ ನೋಡೋಣ ಅಂದರು. ತಂದೆ ನೋಡೋಣ ಅಂದರೆ ಆಯಿ ಹೇಳಿದ ಹಾಗೆ ಆಗುತ್ತದೆ ಅಂತ ಅರ್ಥ. ತಾಯಿ ಒಲೆಯ ಮುಂದೆ ಕೂತು ಸುಮ್ಮನೆ ಬೂದಿ ಕೆದಕಿದಳು. ನಾನು ಒಳಕೋಣೆಗೆ ಹೋಗಿ ಮೊರ ತೆಗೆದುಕೊಂಡು, ಆಗಲೇ ಹಸನಾಗಿದ್ದ ತೊಗರಿಬೇಳೆಯನ್ನು ಮತ್ತೆ ಕೇರತೊಡಗಿದೆ. ಜೋರಾಗಿಯೇ ಕೇರಿರಬೇಕು. ಆಯಿ ಬಾಗಿಲಿಗೆ ಬಂದು ನಿಂತು, ಬ್ಯಾಳಿ ಏನು ಮಾಡಿತು ನಿನಗೆ ಅಂತ ಕೇಳಿದಳು.

ನಾನು ಆಯಿಯ ಎದುರು ಮಾತಾಡಿದವಳಲ್ಲ. ಆವತ್ತು ಹೇಗೆ ಬಂತೋ, ಮೊರದ ಕಡೆಗೇ ನೋಡುತ್ತ ಅಂದೆ:

"ಇಲ್ಲ ಅಂದೋರೆಲ್ಲಾ ಸುಳ್ಳ ಹೇಳ್ಯಾರ, ಆಯಿ. ಇಲ್ಲಾ ಅನ್ನೂದು ಸಸಾರ. ಅಂವ ಅದ ಅಂದಾನ."

ಆಯಿ ಬಗ್ಗಿ, ಮೊರದಿಂದ ಸಿಡಿದಿದ್ದ ಬೇಳೆಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದಳು. ನಾನು ತಲೆ ಎತ್ತಲಿಲ್ಲ. ಕೊನೆಗೆ, "ಹಂಗಾದ್ರ ಅದು ಎಂಥಾದದ, ನಾನೂ ಕಣ್ಲೆ ನೋಡ್ತೇನಿ" ಅಂದು ಹೋದಳು. ಮಾವ ಊರಿಗೆ ಹೊರಟಾಗ, ಮಗನನ್ನು ನೌಕರಿಗೆ ಹಾಜರಾಗುವ ಮೊದಲು ಒಂದು ಸಲ ಇಲ್ಲಿಗೆ ಕಳಿಸು ಅಂದಳು. ಊಟಕ್ಕೆ ಅಂತ ಹೇಳಲಿಲ್ಲ.

ನಮ್ಮವರು ಬಂದದ್ದು ಒಂದು ಮುಂಜಾನೆ, ತೊಗರಿಯ ಬಂಡಿಯಲ್ಲಿ. ದಾರಿಯಲ್ಲಿ ಏನೂ ತಿಂದಿರಲಿಲ್ಲ, ಅತ್ತೆಯ ಮನೆಯಲ್ಲಿ ಊಟ ಇದ್ದೇ ಇರುತ್ತದೆ ಅನ್ನುವ ಧೈರ್ಯದಲ್ಲಿ. ನಮ್ಮ ಮನೆಯಲ್ಲಿ ಆವತ್ತು ಒಲೆ ಹೊತ್ತಿರಲಿಲ್ಲ. ಹೊತ್ತಿಸಬಾರದು ಅಂತ ಆಯಿಯ ಅಪ್ಪಣೆ. ತಂದೆ ಬೆಳಗ್ಗೆಯೇ ಅಂಗಡಿಗೆ ಹೋಗಿಬಿಟ್ಟರು, ಬಜಾರದಲ್ಲಿ ಏನೋ ತಿಂದಿರಬೇಕು. ತಾಯಿ ಅಣ್ಣನ ಮಗನ ಮುಖ ನೋಡಲಾರದೆ ನೀರಿನ ನೆವ ಮಾಡಿಕೊಂಡು ಭಾವಿಗೆ ಹೋದಳು.

ಆಯಿ ಅವರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಎದುರಿಗೆ ಕೂತಳು. ಮೊದಲು ಊರ ಸುದ್ದಿ, ಆಮೇಲೆ ಬೆಳೆಯ ಸುದ್ದಿ. ಅವರು ಮೊದಮೊದಲು ಚೆನ್ನಾಗಿಯೇ ಮಾತಾಡಿದರು, ಒಳಗೆ ನನಗೆ ಕೇಳಿಸುವ ಹಾಗೆ ನಗೆಯ ಮಾತನ್ನೂ ಆಡಿದರು. ಹೊತ್ತು ಏರಿತು. ಮಾತು ತೆಳುವಾಯಿತು. ಹೊತ್ತು ಇನ್ನೂ ಏರಿತು. ಹೂಂ, ಊಹೂಂ ಅಷ್ಟೇ ಉಳಿಯಿತು. ಆಮೇಲೆ ಅದೂ ನಿಂತಿತು. ಆಯಿ ಬಿಡಲಿಲ್ಲ. ಜವಾನ್ ಸಾಹೇಬ್ರು ನಮ್ಮಂಥಾ ಬಡವ್ರ ಸಂಗಾಟ ಮಾತಾಡಂಗಿಲ್ಲ ಕಾಣ್ತದ ಅಂದಳು. ಲಾಠಿ ಇನ್ನೂ ಕೈಗೆ ಬಂದಿಲ್ಲ, ಬಂದರೆ ಹೆಂಗೋ ಅಂದಳು. ಆ ಹಳೆಯ ಜವಾನ ತೊಗರಿ ಚೆಲ್ಲಿ ಹೋಗುವುದನ್ನು ಹೇಳಿ, ನೀನು ಎಷ್ಟು ಚೆಲ್ಲುವವನು ಅಂತ ಕೇಳಿದಳು. ಒಂದೊಂದು ಮಾತೂ ಮೊದಲಿನದಕ್ಕಿಂತ ಖಾರ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಅವರು ಗೋಡೆಗೆ ಒರಗಿ, ಆಯಿಯ ಮುಖವನ್ನೇ ನೋಡುತ್ತ ಕೂತಿದ್ದರು.

ಆಮೇಲೆ ಎದ್ದರು. ಎದ್ದು ಹೊರಟರೆ ಮುಗಿಯಿತು. ಆಯಿಯ ಮುಖದಲ್ಲೂ ಅದೇ ಇತ್ತು, ಕಂಡೆಯಾ ಅನ್ನುವ ಹಾಗೆ. ಆದರೆ ಅವರು ಹೊರಬಾಗಿಲ ಕಡೆ ಹೋಗಲಿಲ್ಲ. ಸೀದಾ ನನ್ನನ್ನು ದಾಟಿ ಅಡಿಗೆಮನೆಗೆ ಬಂದರು.

ಆ ಕಾಲದಲ್ಲಿ ನಮ್ಮ ಮನೆಗಳಲ್ಲಿ ಗಂಡಸರು ಅಡಿಗೆಮನೆಗೆ ಬರುವುದೇ ಇಲ್ಲ. ಅವರು ಬಂದು, ಒಲೆಯಲ್ಲಿ ಕಟ್ಟಿಗೆ ಜೋಡಿಸಿ ಊದಿ ಹೊತ್ತಿಸಿ ನೀರು ಕಾಯಲು ಇಟ್ಟರು. ಡಬ್ಬಿಯಿಂದ ಜೋಳದ ಹಿಟ್ಟು ಮರದ ಕೊಣ್ಣಿಗೆಗೆ ಹಾಕಿಕೊಂಡು, ಬಿಸಿನೀರು ಹೊಯ್ದು ನಾದಿ, ಬಡಿಯಲು ಕೂತರು. ನನ್ನ ಕಡೆ ನೋಡಲಿಲ್ಲ, ಒಂದು ಮಾತೂ ಆಡಲಿಲ್ಲ. ರೊಟ್ಟಿ ಮಾತ್ರ ದುಂಡಗೆ ಬರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ಹರಿದು ಹೋಗಿ, ಭೀಮಾ ನದಿ ತಿರುವಿ ತಿರುವಿ ಹೋದ ಹಾಗೆ ಅದರ ಅಂಚು. ನನಗೆ ನಗು ಬಂದು ಸೆರಗು ಕಚ್ಚಿಕೊಂಡೆ. ಹಂಚಿನ ಮೇಲೆ ಹಾಕಿ, ನೀರು ಸವರಿ, ತಿರುವಿ ಹಾಕಿದರು. ಸುಡುವಾಗ ವಾಸನೆ ಮನೆಯ ತುಂಬ ಹರಡಿತು.

ಆ ಮೊದಲ ರೊಟ್ಟಿಯನ್ನು ತಾಟಿನಲ್ಲಿಟ್ಟು, ಮೇಲೆ ಶೇಂಗಾ ಹಿಂಡಿ ಉದುರಿಸಿ, ಪಡಸಾಲೆಗೆ ಒಯ್ದು ಆಯಿಯ ಮುಂದೆ ಇಟ್ಟರು. ಆಗ ಬಾಯಿ ಬಿಟ್ಟರು.

"ಮೊದಲ ನೀವು ಉಣ್ರಿ, ಆಯಿ. ಮುಂಜಾನಿಂದ ನಿಮ್ಮ ಹೊಟ್ಟೀನೂ ಹಸದದ."

ಆಯಿ ಉಂಡಿರಲಿಲ್ಲ ಅನ್ನುವುದು ನನಗೂ ಆಗಲೇ ಹೊಳೆದದ್ದು. ಬಂದವರನ್ನು ಉಪವಾಸ ಕೂಡಿಸಿ ತಾನು ಉಣ್ಣುವ ಹೆಂಗಸಲ್ಲ ಅವಳು. ಪರೀಕ್ಷೆ ಇಟ್ಟವಳು ತಾನೂ ಅದರಲ್ಲೇ ಕೂತಿದ್ದಳು, ಅದಕ್ಕೇ ಮಾತು ಅಷ್ಟು ಖಾರವಾಗುತ್ತ ಹೋಗಿತ್ತು. ತಾಟನ್ನೇ ನೋಡಿದಳು, ರೊಟ್ಟಿಯನ್ನು ಒಂದು ಸಲ ಎತ್ತಿ ಬೆಳಕಿಗೆ ಹಿಡಿದಳು, ನಡುವೆ ಒಂದು ತೂತಿತ್ತು. ಆ ತೂತಿನಿಂದ ಅವರ ಮುಖ ನೋಡಿ ನಗಲು ಶುರುಮಾಡಿದಳು. ಆಯಿ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮೈಯೆಲ್ಲ ಅಲುಗಿ ಕೊರಳಿನ ಕರಡಿಗೆ ಕುಣಿಯಿತು. ಭಾವಿಯಿಂದ ಬಂದ ತಾಯಿ ಕೊಡ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟಳು.

"ಬಾ ಬೇ, ಉಳದದ್ದು ನೀ ಬಡಿ" ಅಂತ ಆಯಿ ನನ್ನನ್ನು ಕೂಗಿದಳು. "ಇವನ ಮಿಜಾಜ ಸಾಕಬಹುದು, ಇವನ ರೊಟ್ಟಿ ತಿನ್ನಾಕ ಆಗಂಗಿಲ್ಲ."

ಚೌಡಾಪುರದವರಿಗೆ ಬೇರೆ ಕಡೆ ನೋಡಿಕೊಳ್ಳಿ ಅಂತ ಹೇಳಿಕಳಿಸಿದರು. ಮುಂದಿನ ಬೇಸಿಗೆಯಲ್ಲಿ ನಮ್ಮ ಮದುವೆ ಆಯಿತು.

ಅಫಜಲಪುರದ ಠಾಣೆಯಲ್ಲಿ ಅವರಿಗೆ ಮೊದಲ ನೌಕರಿ, ಆಮೇಲೆ ಜೇವರ್ಗಿ. ಸಾಹೇಬರಿಗೆ ಹೇಳಿದ ಮಾತನ್ನು ಅವರು ತಮಾಷೆಗೆ ಅಂದಿರಲಿಲ್ಲ. ಜಗಳ ಆಡಿಕೊಂಡು ಯಾರು ಠಾಣೆಗೆ ಬಂದರೂ ಉಂಡೀರೇನು ಅಂತಲೇ ಮೊದಲು ಕೇಳುತ್ತಿದ್ದರು. ಒಂದು ಸಲ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರಿಬ್ಬರು ಕುಡಗೋಲು ಹಿಡಿದುಕೊಂಡು ಬಂದಿದ್ದರಂತೆ. ಇವರು ಕುಡಗೋಲು ಈಸಿಕೊಂಡು, ನಮ್ಮ ಮನೆಗೆ ಕರೆತಂದು ಕೂಡಿಸಿದರು. ರೊಟ್ಟಿ ಬಡಿದು ಬಡಿದು ನನ್ನ ಕೈ ಸೋತಿತು, ಆ ಅಣ್ಣತಮ್ಮಂದಿರು ತಿಂದು ಸೋಲಲಿಲ್ಲ. ಉಂಡ ಮೇಲೆ ಇಬ್ಬರಿಗೂ ನಿದ್ದೆ ಬಂದು, ನಮ್ಮ ಕಟ್ಟೆಯ ಮೇಲೆ ಒಬ್ಬರ ಪಕ್ಕ ಒಬ್ಬರು ಮಲಗಿದರು. ಎದ್ದ ಮೇಲೆ ಬದುವಿನ ಮಾತು ಮತ್ತೆ ತೆಗೆದರು ಅನ್ನಿ, ಆದರೆ ಕೂತು ತೆಗೆದರು. ಠಾಣೆಯ ಜಮಾದಾರ ಇವರಿಗೆ ರೊಟ್ಟಿ ಜವಾನ ಅಂತ ಹೆಸರಿಟ್ಟಿದ್ದ. ಇವರಿಗೆ ಬೇಸರವಿರಲಿಲ್ಲ. ಜಮಾದಾರನಿಗೇ ನೆಟ್ಟಗೆ ಊಟ ಸಿಗುವುದಿಲ್ಲ, ಅದಕ್ಕೇ ಹಾಗೆ ಅನ್ನುತ್ತಾನೆ ಅನ್ನುತ್ತಿದ್ದರು. ಆಮೇಲೆ ನಿಜಾಮರ ಆಳ್ವಿಕೆ ಮುಗಿಯುವ ವರ್ಷಗಳ ಗದ್ದಲವನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಗಲೂ ಅವರ ಮೊದಲ ಮಾತು ಬದಲಾಗಲಿಲ್ಲ ಅಂತ ಬರೆದರೆ ಸಾಕು.

ಮೀಸೆ ಅವರಿಗೆ ಕೊನೆಯವರೆಗೂ ಸರಿಯಾಗಿ ಬರಲಿಲ್ಲ.

ಹೋಗುವ ಮುಂಜಾನೆಯೂ ನಾನು ಚಹಾ ಇಟ್ಟು ಕೇಳಿದೆ. ಅವರು ಹಾಸಿಗೆಯಲ್ಲೇ ಕಣ್ಣು ತೆರೆದು, "ಇವತ್ತ ಇಲ್ರೀ ಸಾಹೇಬ್ರ" ಅಂದರು. ಅಷ್ಟು ವರ್ಷಗಳಲ್ಲಿ ಇಲ್ಲ ಅಂದದ್ದು ಆವತ್ತೊಂದೇ ದಿನ. ಹಸಿವಿಲ್ಲ ಅಂತ ನಾನು ತಿಳಿದೆ. ಹಾಗೇ ಇತ್ತು.

ಅವರು ಹೋದ ಮೇಲೆ ನನಗೂ ಹಸಿವು ಸತ್ತಿತ್ತು. ತಾಟು ಮುಂದಿಟ್ಟರೆ ಕೈಯಾಡಿಸಿ ಎದ್ದುಬಿಡುತ್ತಿದ್ದೆ. ಯಾರು ಏನು ಅಂದರೂ ಸಿಟ್ಟು ಬರುತ್ತಿರಲಿಲ್ಲ, ಸೊಸೆ ಉಪ್ಪು ಮರೆತರೂ ಗೊತ್ತಾಗುತ್ತಿರಲಿಲ್ಲ. ನಿಮ್ಮ ಅತ್ತೆ ಎಷ್ಟು ಶಾಂತರಾಗಿದ್ದಾರೆ ಅಂತ ಓಣಿಯವರು ಸೊಸೆಗೆ ಹೇಳುತ್ತಿದ್ದರಂತೆ. ಮೊನ್ನೆ ಸೊಸೆ ಬಜಾರಕ್ಕೆ ಹೋದವಳು ಬರಲು ತಡವಾಯಿತು. ಹೊತ್ತು ನೆತ್ತಿಯ ಮೇಲೆ ಬಂದಿತ್ತು. ಅವಳು ಬಂದ ಕೂಡಲೆ ನನ್ನ ಬಾಯಿಂದ ಏನೋ ಬಿರುಸಾದ ಮಾತು ಬಂತು. ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದಿ ಅಂತಲೋ ಏನೋ. ಅವಳು ಚೀಲ ಕೆಳಗಿಡದೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅತ್ತಿ, ಮಿಜಾಜ ಹ್ಯಾಂಗದರೀ?"

"ಅದ ತಂಗಿ, ಸ್ವಲ್ಪ" ಅಂದೆ.

ಅವಳು ಹೋಗಿ ಹಂಚು ಇಟ್ಟಳು. ನಾನು ಹಿಟ್ಟಿನ ಡಬ್ಬಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತೆ.